ನಕ್ಷತ್ರಕ್ಕೆ ಅಂಟಿಸಿದ ನೋಟೀಸು

ಹುಮನಾಬಾದನ್ನು ಬಿಟ್ಟು ಸೊಲ್ಲಾಪುರದ ದಿಕ್ಕಿಗೆ ಹೊರಟ ಹೆದ್ದಾರಿಯು, ಬಸವಕಲ್ಯಾಣಕ್ಕೆ ಒಡೆಯುವ ದಾರಿಯನ್ನು ತಲುಪುವ ಮೊದಲೇ, ತೊಗರಿ ಮತ್ತು ಸೋಯಾ ಹೊಲಗಳ ನಡುವೆ ನಮ್ಮ ರಾಜೇಶ್ವರವನ್ನು ಹಾಯ್ದು ಹೋಗುತ್ತದೆ. ಪುಣೆಗೂ ಹೈದರಾಬಾದಿಗೂ ನಡುವೆ ಹಗಲಿರುಳೆನ್ನದೆ ಸರಕು ಹೊತ್ತು ಓಡುವ ಲಾರಿಗಳ ಸದ್ದನ್ನು ತೊಟ್ಟಿಲಿನಿಂದಲೂ ಕೇಳಿ ಬೆಳೆದ ನಮಗೆ ಆ ಸದ್ದೇ ಒಂದು ಬಗೆಯ ಮೌನವಾಗಿ ಹೋಗಿದೆ. ಎಂದಾದರೂ ಅದು ನಿಂತಾಗ ಮಾತ್ರ, ಏನಾಯಿತೋ ಎಂದು ಊರು ಬಾಗಿಲಿಗೆ ಬಂದು ನೋಡುತ್ತದೆ. ಈ ಹೆದ್ದಾರಿಗೆ ಕೂಗಳತೆಯ ದೂರದಲ್ಲಿರುವ ಒಂದು ಮನೆಯ ಪಡಸಾಲೆಯಲ್ಲಿ, ತಿಂಗಳ ಕೊನೆಯ ಆದಿತ್ಯವಾರದ ಸಂಜೆ, ನಾವು ಏಳೆಂಟು ಮಂದಿ ಸೇರಿ ಪುಸ್ತಕವೊಂದನ್ನು ಓದಿ ಮಾತನಾಡುವ ರೂಢಿ ಕೆಲವು ವರ್ಷಗಳಿಂದ ನಡೆದುಬಂದಿದೆ. ಕೂಟಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಆತಿಥೇಯರು ತೊಗರಿ ಬೆಳೆಯುವ ರೈತರು. ಬರುವವರಲ್ಲಿ ಒಬ್ಬರು ನಿವೃತ್ತರಾದ ವಿಜ್ಞಾನದ ಮಾಸ್ತರರು, ಒಬ್ಬರು ಪ್ರಾಥಮಿಕ ಶಾಲೆಯ ಶಿಕ್ಷಕಿ, ಒಬ್ಬ ಹೊಲಿಗೆಯವ, ಹೈದರಾಬಾದಿಗೆ ಲಾರಿ ಓಡಿಸುವ ಒಬ್ಬ ತರುಣ, ಮತ್ತು ಅಕ್ಷರ ಕಲಿಯದಿದ್ದರೂ ಎಂಬತ್ತು ವರ್ಷಗಳ ಶ್ರವಣದಿಂದ ನಮ್ಮೆಲ್ಲರಿಗಿಂತ ಹೆಚ್ಚು ಕಥೆಗಳನ್ನು ಬಲ್ಲ, ಊರೆಲ್ಲ ಮುತ್ಯಾ ಎಂದು ಕರೆಯುವ ಒಬ್ಬ ವೃದ್ಧರು.

ಕಾರಂತರನ್ನೂ ಕುವೆಂಪು ಅವರನ್ನೂ, ನಮ್ಮ ಭಾಗದವರೇ ಆದ ಶಾಂತರಸ ಮತ್ತು ಗೀತಾ ನಾಗಭೂಷಣ ಅವರನ್ನೂ ಓದಿ ಚರ್ಚಿಸಿದ ಈ ಪಡಸಾಲೆಗೆ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನಮ್ಮ ಸ್ನೇಹಿತರೊಬ್ಬರು ಒಂದು ಸಂಜೆ ಡಗ್ಲಸ್ ಆಡಮ್ಸ್ ಬರೆದ 'ದ ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ' ಎಂಬ ಹಾಸ್ಯದ ವೈಜ್ಞಾನಿಕ ಕಾದಂಬರಿಯನ್ನು ತಂದರು. 1978ರ ಮಾರ್ಚಿನಲ್ಲಿ ಬಿಬಿಸಿಯ ನಾಲ್ಕನೆಯ ರೇಡಿಯೋ ವಾಹಿನಿಯಲ್ಲಿ ನಾಟಕವಾಗಿ ಪ್ರಸಾರಗೊಂಡು, ಮರುವರ್ಷ ಪುಸ್ತಕರೂಪ ತಾಳಿದ ಕೃತಿಯಿದು. ಮೊದಲು ಕಿವಿಗಾಗಿ ಹುಟ್ಟಿ ಆಮೇಲೆ ಕಣ್ಣಿಗೆ ಬಂದ ಕಥೆಯಾದುದರಿಂದ ಇದನ್ನು ಓದುವುದಕ್ಕಿಂತ ಹೇಳುವುದೇ ಸರಿಯೆಂದು ಅವರು ನಿಶ್ಚಯಿಸಿ, ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಅಧ್ಯಾಯವನ್ನು ಕನ್ನಡದಲ್ಲಿ ಹೇಳುತ್ತ ಹೋದರು. ಕಲಬುರಗಿ ಆಕಾಶವಾಣಿಯ ನಾಟಕಗಳನ್ನು ಕೇಳಿ ಬೆಳೆದ ನಮ್ಮ ಕಿವಿಗಳಿಗೆ ಈ ಕ್ರಮವೇ ಹಿತವಾಯಿತು. ಹಿಚ್‌ಹೈಕರ್ ಎಂಬ ಪದವನ್ನು ಬಿಡಿಸಿ ಹೇಳುವ ಶ್ರಮ ಅವರಿಗೆ ಬೀಳಲಿಲ್ಲ. ಬಸ್ಸು ತಪ್ಪಿದ ರಾತ್ರಿ ಹೆದ್ದಾರಿಯ ಅಂಚಿನಲ್ಲಿ ನಿಂತು, ಬರುವ ಲಾರಿಗೆ ಕೈ ತೋರಿ, ಡ್ರೈವರನ ಪಕ್ಕದಲ್ಲಿ ಕುಳಿತು ಊರು ಸೇರಿದ ಅನುಭವ ಅಲ್ಲಿದ್ದ ಪ್ರತಿಯೊಬ್ಬರಿಗೂ ಇತ್ತು. ಲಾರಿಯ ಸ್ಥಾನದಲ್ಲಿ ವ್ಯೋಮನೌಕೆಯನ್ನು ಇಟ್ಟುಕೊಳ್ಳುವುದಷ್ಟೇ ಉಳಿದಿತ್ತು.

ಕಾದಂಬರಿಯು ಆರಂಭವಾಗುವುದು ಆಕಾಶದಲ್ಲಲ್ಲ, ಒಂದು ಮನೆಯ ಅಂಗಳದಲ್ಲಿ. ಆರ್ಥರ್ ಡೆಂಟ್ ಎಂಬ ಸಾಮಾನ್ಯ ಮನುಷ್ಯನು ಒಂದು ಬೆಳಿಗ್ಗೆ ಎದ್ದು ಕಿಟಕಿಯಿಂದ ನೋಡಿದರೆ, ಅವನ ಮನೆಯನ್ನು ಕೆಡವಲು ಹಳದಿ ಬಣ್ಣದ ಬುಲ್‌ಡೋಜರ್ ಬಂದು ನಿಂತಿದೆ. ಮನೆಯಿರುವ ಜಾಗದ ಮೇಲೆ ಬೈಪಾಸ್ ರಸ್ತೆ ಹಾಯಬೇಕಾಗಿದೆ. ಆತ ಕೆಸರಿನಲ್ಲಿ ಯಂತ್ರಕ್ಕೆ ಅಡ್ಡ ಮಲಗುತ್ತಾನೆ. ಯೋಜನೆಯ ನಕಾಶೆ ಎಷ್ಟೋ ತಿಂಗಳಿಂದ ಕಚೇರಿಯಲ್ಲಿ ಸಾರ್ವಜನಿಕರಿಗಾಗಿ ಪ್ರದರ್ಶಿತವಾಗಿತ್ತಲ್ಲ, ಆಗಲೇ ಏಕೆ ತಕರಾರು ಸಲ್ಲಿಸಲಿಲ್ಲ ಎಂದು ಅಧಿಕಾರಿಯು ಕೇಳುತ್ತಾನೆ. ಆ ಪ್ರದರ್ಶನವಾದರೂ ಎಂಥದು? ದೀಪವಿಲ್ಲದ, ಮೆಟ್ಟಿಲಿಲ್ಲದ ನೆಲಮಾಳಿಗೆಯೊಳಗೆ, ಯಾರೂ ಬಳಸದ ಶೌಚಗೃಹದಲ್ಲಿ, ಬೀಗ ಜಡಿದ ಕಪಾಟಿನ ತಳದಲ್ಲಿ. ಬಾಗಿಲ ಮೇಲೆ ಚಿರತೆಯಿದೆಯೆಂಬ ಎಚ್ಚರಿಕೆಯ ಫಲಕ ಬೇರೆ.

ಇಷ್ಟು ಹೇಳಿ ಇಂಗ್ಲಿಷ್ ಮೇಷ್ಟ್ರು ತಲೆಯೆತ್ತಿದಾಗ ಪಡಸಾಲೆಯಲ್ಲಿ ಕ್ಷಣಕಾಲ ಯಾರೂ ಮಾತನಾಡಲಿಲ್ಲ. ಹೆದ್ದಾರಿಯು ನಾಲ್ಕು ಪಥಗಳಾಗಿ ಅಗಲವಾದ ಕಾಲವನ್ನು ಕಂಡವರು ನಾವು. ಅಳತೆಯ ಸರಪಳಿ, ನೆಲದಲ್ಲಿ ನೆಟ್ಟ ಕಲ್ಲು, ಕಲ್ಲಿನ ಮೇಲೆ ಬರೆದ ಅರ್ಥವಾಗದ ಅಂಕೆ, ಮನೆಮನೆಯಲ್ಲಿ ಮಡಿಸಿ ಸಂದೂಕದಲ್ಲಿಟ್ಟ ಕಾಗದಪತ್ರಗಳು, ಇವೆಲ್ಲ ನಮ್ಮ ಅನುಭವದ ವಸ್ತುಗಳು. ಮುತ್ಯಾನ ತಂದೆ ನೆಟ್ಟ ಬೇವಿನ ಮರವೊಂದು ಆಗ ಹೋಯಿತು. ಪರಿಹಾರ ಬಂದಿತು, ರಸ್ತೆಯಿಂದ ಊರಿಗೆ ಉಪಕಾರವೂ ಆಯಿತು, ಆದರೆ ಆ ಮರದ ನೆರಳು ಬೀಳುತ್ತಿದ್ದ ಜಾಗದಲ್ಲಿ ನಿಂತಾಗಲೆಲ್ಲ ಆತ ಇಂದಿಗೂ ಒಮ್ಮೆ ಮೇಲೆ ನೋಡುತ್ತಾನೆ. ಆ ದಿನ ಮೊದಲು ನಕ್ಕವನು ಅವನೇ. ಬೊಚ್ಚು ಬಾಯಿ ತೆರೆದು, ಕಣ್ಣಲ್ಲಿ ನೀರು ಬರುವ ತನಕ ನಕ್ಕನು. ಅವನ ಬೆನ್ನಿಗೆ ನಾವೆಲ್ಲ ನಕ್ಕೆವು. ಏಳು ಸಾವಿರ ಕಿಲೋಮೀಟರಿಗೂ ಕಡಮೆಯಿಲ್ಲದ ದೂರದಲ್ಲಿ, ಬೇರೊಂದು ಭಾಷೆಯಲ್ಲಿ, ನಮ್ಮನ್ನು ಕಾಣದ ಲೇಖಕನೊಬ್ಬನು ನಮ್ಮ ಪಡಸಾಲೆಯ ನೋವಿನ ತೂಕವನ್ನು ಇಷ್ಟು ಸರಿಯಾಗಿ ಅಳೆದು, ಅದನ್ನು ನಗುವಿನ ತಕ್ಕಡಿಯಲ್ಲಿಟ್ಟು ನಮ್ಮ ಕೈಗೆ ಕೊಟ್ಟದ್ದು ನನಗೆ ಆಗಲೂ ವಿಸ್ಮಯ, ಈಗಲೂ ವಿಸ್ಮಯ.

ಆದರೆ ಆಡಮ್ಸ್ ಅಲ್ಲಿಗೆ ನಿಲ್ಲುವುದಿಲ್ಲ. ಆರ್ಥರನ ಮನೆ ಬೀಳುತ್ತಿರುವಾಗಲೇ ಆಕಾಶದಲ್ಲಿ ವೋಗನ್ ಎಂಬ ಅನ್ಯಲೋಕದವರ ಹಳದಿ ನೌಕೆಗಳು ಬಂದು ನಿಲ್ಲುತ್ತವೆ. ಗ್ಯಾಲಕ್ಸಿಯಲ್ಲಿ ಹಾಯಬೇಕಾದ ಮಹಾಮಾರ್ಗವೊಂದಕ್ಕೆ ಭೂಮಿಯು ಅಡ್ಡವಾಗಿರುವುದರಿಂದ ಅದನ್ನು ಕೆಡವಲಾಗುವುದೆಂದು ಘೋಷಿಸುತ್ತವೆ. ಭೂಲೋಕದವರು ಬೊಬ್ಬೆಯಿಟ್ಟಾಗ ಬರುವ ಉತ್ತರ ಅದೇ: ನಕಾಶೆ ಐವತ್ತು ವರ್ಷಗಳಿಂದ ಆಲ್ಫಾ ಸೆಂಟಾರಿಯ ಕಚೇರಿಯಲ್ಲಿ ಪ್ರದರ್ಶಿತವಾಗಿತ್ತಲ್ಲ! ಒಂದು ಮನೆಗೆ ಆದುದು ಒಂದು ಗ್ರಹಕ್ಕೆ ಆಗುತ್ತದೆ. ಅಳತೆ ಹಿಗ್ಗುತ್ತದೆ, ಮಾತು ಮಾತ್ರ ಅದೇ ಉಳಿಯುತ್ತದೆ. ಆಲ್ಫಾ ಸೆಂಟಾರಿಯೆಂದರೆ ಏನು ಎಂದು ಶಿಕ್ಷಕಿ ಕೇಳಿದಾಗ ವಿಜ್ಞಾನದ ಮಾಸ್ತರರು, ಅದು ಸೂರ್ಯನಿಗೆ ಅತ್ಯಂತ ಸಮೀಪದ ನಕ್ಷತ್ರಕೂಟವೆಂದೂ, ಅಲ್ಲಿಂದ ಹೊರಟ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಓಡಿದರೂ ನಮ್ಮನ್ನು ತಲುಪಲು ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯುವುದೆಂದೂ ವಿವರಿಸಿದರು.

"ಮಾಸ್ತರ್, ಅಲ್ಲಿ ತನಾ ನೋಟೀಸ್ ಓದ್ಲಾಕ ಯಾರ್ ಹೋಗ್ಬೇಕ್ರಿ?" ಎಂದನು ಮುತ್ಯಾ.

ಅದು ನಗುವಿಗಾಗಿ ಆಡಿದ ಮಾತಾಗಿರಲಿಲ್ಲ. ನಾಲ್ಕು ಬೆಳಕಿನ ವರ್ಷಗಳೆಂಬ ದೂರವನ್ನು ನಾನು ಶಾಲೆಯ ಪುಸ್ತಕದಲ್ಲಿ ಓದಿ ಉತ್ತರಪತ್ರಿಕೆಯಲ್ಲಿ ಬರೆದು ಅಂಕ ಪಡೆದವನು. ಆದರೆ ಆ ದೂರವು ದೂರವಾಗಿ ನನ್ನ ಮನಸ್ಸಿಗೆ ತಾಗಿದ್ದು, ನೋಟೀಸು ಓದಲು ಅಷ್ಟು ದಾರಿ ನಡೆಯಬೇಕಾದ ಒಬ್ಬ ರೈತನ ಕಾಲುಗಳ ಮೂಲಕ.

ಮಾಸ್ತರರಿಗೆ ಮಾತ್ರ ಕಾದಂಬರಿಯು ಸಮಾಧಾನವನ್ನು ಕೊಡಲಿಲ್ಲ. ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ, ಪ್ರಯೋಗಶಾಲೆಯಿಲ್ಲದ ಶಾಲೆಗಳಲ್ಲಿ, ಗಾಜಿನ ಲೋಟ, ಮೇಣದ ಬತ್ತಿ, ಸೈಕಲ್ ಪಂಪುಗಳಿಂದ ವಿಜ್ಞಾನವನ್ನು ಕಲಿಸಿದವರು ಅವರು. ವಿಜ್ಞಾನವನ್ನು ನಗೆಗೆ ಈಡುಮಾಡಿದರೆ, ಈಗಷ್ಟೇ ಅದರ ಮೇಲೆ ವಿಶ್ವಾಸವಿಡಲು ಕಲಿಯುತ್ತಿರುವ ನಮ್ಮ ಹಳ್ಳಿಯ ಮಕ್ಕಳಿಗೆ ಅನ್ಯಾಯವಾಗುತ್ತದೆ ಎಂಬುದು ಅವರ ವಾದ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂತಹವರು ವೈಜ್ಞಾನಿಕ ಕಥೆಗಳನ್ನು ಬರೆದಿದ್ದಾರೆ, ಅವುಗಳಲ್ಲಿ ಕಲ್ಪನೆಯುಂಟು, ಗಾಂಭೀರ್ಯವೂ ಉಂಟು. ಇಲ್ಲಿ ಎರಡು ತಲೆ ಮೂರು ಕೈಗಳ ಅಧ್ಯಕ್ಷ, ಸದಾ ಖಿನ್ನನಾದ ಯಂತ್ರಮಾನವ, ಅಸಂಭವತೆಯನ್ನೇ ಇಂಧನ ಮಾಡಿಕೊಂಡು ಓಡುವ ನೌಕೆ, ಇದೆಲ್ಲ ಏನು ಎಂದು ಅವರು ಕೇಳಿದರು. ಈ ಆಕ್ಷೇಪವನ್ನು ಲಘುವಾಗಿ ಕಾಣಲು ನನ್ನಿಂದಾಗದು. ವಿಜ್ಞಾನದ ಪುಸ್ತಕವೊಂದನ್ನು ಪಡೆಯಲು ಇಡೀ ದಿನದ ಕೆಲಸ ಬಿಟ್ಟು ಪಟ್ಟಣಕ್ಕೆ ಹೋಗಬೇಕಾಗಿದ್ದ ಕಾಲದ ಜೀವ ಅದನ್ನು ಹೇಳುತ್ತಿತ್ತು.

ಆಗ ಒಳಗಿನ ಹೊಸ್ತಿಲಲ್ಲಿ ಕುಳಿತು ಕೇಳುತ್ತಿದ್ದ ಆತಿಥೇಯರ ತಾಯಿಯವರು ಮಾತಿಗೆ ಬಂದರು. ಭಾಗವತದಲ್ಲಿ ಕಕುದ್ಮಿ ಎಂಬ ರಾಜನ ಕಥೆಯಿದೆ: ಮಗಳು ರೇವತಿಗೆ ತಕ್ಕ ವರನಾರೆಂದು ಕೇಳಲು ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದನು, ಅಲ್ಲಿ ಸಂಗೀತ ನಡೆದಿತ್ತು, ಮುಗಿಯಲೆಂದು ಒಂದು ಗಳಿಗೆ ಕಾದನು, ಕೇಳಿದಾಗ ಬ್ರಹ್ಮನು ನಕ್ಕು, ನೀನು ಮನಸ್ಸಿನಲ್ಲಿಟ್ಟುಕೊಂಡ ವರರೂ ಅವರ ಮಕ್ಕಳೂ ಮೊಮ್ಮಕ್ಕಳೂ ಯಾರೂ ಈಗ ಇಲ್ಲ, ಕೆಳಗೆ 27 ಚತುರ್ಯುಗಗಳು ಕಳೆದುಹೋದವು ಎಂದನು. ಬ್ರಹ್ಮನೇ ನಕ್ಕ ಮೇಲೆ ನಾವು ನಗುವುದರಲ್ಲಿ ತಪ್ಪೇನು ಎಂದು ಆ ತಾಯಿ ಚಹದ ಬಟ್ಟಲುಗಳನ್ನು ಮುಂದಿಟ್ಟರು. ಕಾಲದ ವೈಶಾಲ್ಯವನ್ನು ಹೇಳುವ ಕಥೆಯೊಳಗೆ ಹೇಳುವವನ ಮುಖದಲ್ಲಿ ಒಂದು ನಗುವನ್ನು ಇಟ್ಟ ಪೌರಾಣಿಕನ ವಿವೇಕವನ್ನು ನಾನು ಅದುವರೆಗೆ ಗಮನಿಸಿರಲಿಲ್ಲ.

ಮುಂದಿನ ತಿಂಗಳ ಚರ್ಚೆಯನ್ನು ಒಂದು ಅಂಕೆಯೇ ನುಂಗಿತು. ಬದುಕು, ಬ್ರಹ್ಮಾಂಡ ಮತ್ತು ಸಮಸ್ತದ ಬಗೆಗಿನ ಪರಮ ಪ್ರಶ್ನೆಗೆ ಉತ್ತರವನ್ನು ಕಂಡುಹಿಡಿಯಲು ಒಂದು ಮಹಾಗಣಕಯಂತ್ರವನ್ನು ಕಟ್ಟುತ್ತಾರೆ. ಅದು 75 ಲಕ್ಷ ವರ್ಷಗಳ ಕಾಲ ಚಿಂತಿಸಿ, 42 ಎಂದು ಉತ್ತರ ಹೇಳುತ್ತದೆ. ಜನ ದಿಗ್ಭ್ರಾಂತರಾದಾಗ, ಪ್ರಶ್ನೆ ಏನೆಂಬುದು ನಿಮಗೇ ತಿಳಿದಿಲ್ಲವಲ್ಲ ಎನ್ನುತ್ತದೆ. ಆ ಪ್ರಶ್ನೆಯನ್ನು ಕಂಡುಹಿಡಿಯಲು ಅದಕ್ಕಿಂತ ದೊಡ್ಡದಾದ ಇನ್ನೊಂದು ಯಂತ್ರವನ್ನು ನಿರ್ಮಿಸುತ್ತಾರೆ. ಆ ಯಂತ್ರವೇ ಈ ಭೂಮಿ. ಒಂದು ಕೋಟಿ ವರ್ಷಗಳ ಲೆಕ್ಕ ಮುಗಿಯಲು ಐದೇ ನಿಮಿಷ ಉಳಿದಿರುವಾಗ ರಸ್ತೆಯವರು ಬಂದು ಅದನ್ನು ಕೆಡವಿಬಿಡುತ್ತಾರೆ. ಹೊಲಿಗೆಯವನು ಈ ಅಂಕೆಯನ್ನು ಬಿಡಿಸಲು ಎರಡು ವಾರ ಲೆಕ್ಕ ಹಾಕಿಕೊಂಡು ಬಂದಿದ್ದನು. ಶಿಕ್ಷಕಿ ಹೇಳಿದ ಮಾತು ಬೇರೆ ದಾರಿಯದು. ಇಲ್ಲಿಂದ ಕೆಲವೇ ಹರದಾರಿ ದೂರದ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಅಲ್ಲಮಪ್ರಭುವು ಶೂನ್ಯಸಿಂಹಾಸನವನ್ನೇರಿ ಶರಣರ ಗೋಷ್ಠಿಯನ್ನು ನಡೆಸಿದನೆಂದು ಪರಂಪರೆ ಹೇಳುತ್ತದೆ. ಅವನ ಬೆಡಗಿನ ವಚನಗಳು ಎದುರಿಗೆ ಬಂದಾಗ ನಾವು ಮಾಡುವುದು ಏನು? ಉತ್ತರದಂತೆ ತೋರುವ ಒಂದು ಮಾತು ಕೈಯಲ್ಲಿದೆ, ಅದು ಯಾವ ಪ್ರಶ್ನೆಯ ಉತ್ತರವೆಂಬುದನ್ನು ನಾವೇ ಬದುಕಿ ಹುಡುಕಬೇಕು. ಬೆಡಗನ್ನು ಕೇಳಿದ ಮೊದಲ ಕ್ಷಣ ನಗು ಬರುತ್ತದೆ, ಆಮೇಲೆ ನಿದ್ದೆ ಬರುವುದಿಲ್ಲ ಎಂದರು ಆಕೆ. ಆಂಗ್ಲ ಲೇಖಕನಿಗೂ ಶರಣರಿಗೂ ಸಂಬಂಧ ಕಲ್ಪಿಸುವ ಸಾಹಸ ಇದಾಗಿರಲಿಲ್ಲ. ಅವನು ದೇವರನ್ನು ನಂಬಿದವನಲ್ಲ, ಅಲ್ಲಮನ ಅನುಭಾವ ಅವನ ದಾರಿಯೂ ಅಲ್ಲ. ಆದರೂ ಪ್ರಶ್ನೆಯ ಮುಂದೆ ಮನುಷ್ಯನು ಹೇಗೆ ಕುಳಿತುಕೊಳ್ಳಬೇಕೆಂಬುದರಲ್ಲಿ ಇಬ್ಬರ ಮಾತೂ ಒಂದೆಡೆ ತಾಗುತ್ತದೆಂದು ನನಗೂ ತೋರಿತು.

ಕಲ್ಯಾಣದ ಮಾತು ಬಂದುದರಿಂದ ನನ್ನದೊಂದು ಸಂತೋಷವನ್ನು ಇಲ್ಲಿ ಹೇಳಿಬಿಡುತ್ತೇನೆ. ಕಾದಂಬರಿಯ ಹೆಸರಿನಲ್ಲಿರುವ 'ಗೈಡ್' ಒಂದು ಕಲ್ಪಿತ ವಿಶ್ವಕೋಶ. ಅಂಗೈಯಲ್ಲಿ ಹಿಡಿಯಬಹುದಾದ, ಗುಂಡಿ ಒತ್ತಿದರೆ ಮಾತನಾಡುವ, ಗ್ಯಾಲಕ್ಸಿಯ ಸಮಸ್ತ ವಿಷಯಗಳನ್ನು ಒಳಗೊಂಡು, ಹೊದಿಕೆಯ ಮೇಲೆ ಪ್ರಯಾಣಿಕನಿಗೆ ಅಭಯವನ್ನು ಬರೆದುಕೊಂಡಿರುವ ಪುಸ್ತಕ. ಕಲ್ಯಾಣದ ಚಾಲುಕ್ಯರ ಅರಸನಾದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವೂ ಅಂತಹ ಆಕಾಂಕ್ಷೆಯ ಗ್ರಂಥವೇ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ರಾಜ್ಯಪಾಲನೆಯಿಂದ ಹಿಡಿದು ಆನೆಗಳ ಲಕ್ಷಣ, ಚಿತ್ರಕಲೆ, ಸಂಗೀತ, ಆಟಗಳು ಮತ್ತು ಅಡಿಗೆಮನೆಯ ಪಾಕಗಳ ತನಕ ಅದರಲ್ಲಿ ಸೇರದ ವಿಷಯವೇ ವಿರಳ. ನಾವು ಕುಳಿತ ಪಡಸಾಲೆಯ ಇಷ್ಟು ಹತ್ತಿರದಲ್ಲಿ, ಒಂಬೈನೂರು ವರ್ಷಗಳ ಹಿಂದೆ, ಒಬ್ಬ ದೊರೆ ಜಗತ್ತೆಲ್ಲವನ್ನೂ ಒಂದು ಪುಸ್ತಕದಲ್ಲಿ ತುಂಬಿಡಲು ಕುಳಿತಿದ್ದನೆಂದು ನಾನು ಹೇಳಿದಾಗ, ಲಾರಿಯ ತರುಣನು ಅದರಲ್ಲಿ ನಮ್ಮೂರಿನ ಹೆಸರುಂಟೇ ಎಂದು ಕೇಳಿದನು. ಆಡಮ್ಸನ ವಿಶ್ವಕೋಶದಲ್ಲಿ ಇಡೀ ಭೂಮಿಯ ಬಗ್ಗೆ, ಹದಿನೈದು ವರ್ಷ ಇಲ್ಲಿಯೇ ಸಿಕ್ಕಿಕೊಂಡು ಸಂಶೋಧಿಸಿದವನು ಬರೆದ ಮೇಲೂ, ಪ್ರಕಟವಾಗುವುದು ಎರಡೇ ಪದಗಳು. ಅದನ್ನು ಕೇಳಿದಾಗ ಆರ್ಥರನಿಗೆ ಆದ ಸಂಕಟವು ಆ ತರುಣನ ಪ್ರಶ್ನೆಯಲ್ಲೂ ಇತ್ತು.

ಕಿವಿಗೆ ಹಾಕಿಕೊಂಡರೆ ಎಲ್ಲ ಲೋಕಗಳ ಭಾಷೆಯೂ ತಿಳಿಯುವ ಬೇಬಲ್ ಮೀನಿನ ಪ್ರಸಂಗವು ನಮ್ಮಲ್ಲಿ ಬೇಗ ದಾಟಿಹೋಯಿತು. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಒಂದೇ ಟಂಟಂನಲ್ಲಿ ಕುಳಿತು ಹೋಗುವ ಬೀದರ ಸೀಮೆಯಲ್ಲಿ ಅಂತಹ ಮೀನು ಪ್ರತಿ ಮಗುವಿನ ಕಿವಿಯಲ್ಲೂ ಹುಟ್ಟಿನಿಂದಲೇ ಇರುತ್ತದೆ. ಟವೆಲಿನ ಮಹಿಮೆಯನ್ನು ವರ್ಣಿಸುವ ಭಾಗವೂ ಹಾಗೆಯೇ. ಪ್ರಯಾಣಿಕನ ಹತ್ತಿರ ಇರಲೇಬೇಕಾದ ಅತ್ಯುಪಯುಕ್ತ ವಸ್ತು ಟವೆಲು ಎಂದು ಕಾದಂಬರಿ ಹೇಳಿದಾಗ, ಅದರಲ್ಲಿ ನಗುವಂಥದ್ದೇನಿದೆಯೆಂದು ನಮ್ಮವರಿಗೆ ತೋಚಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಬೆವರು ಒರೆಸುವುದು, ತಲೆಗೆ ಸುತ್ತುವುದು, ಹೊರೆ ಹೊರಲು ಸಿಂಬಿ ಮಾಡುವುದು, ಬುತ್ತಿ ಕಟ್ಟುವುದು, ಬದುವಿನ ಮೇಲೆ ಹಾಸಿ ಮಲಗುವುದು, ದುಃಖ ಬಂದಾಗ ಮುಖಕ್ಕೆ ಹಿಡಿಯುವುದು, ಇದನ್ನೆಲ್ಲ ಬಲ್ಲ ಮುತ್ಯಾ, ಬರೆದವನು ಒಕ್ಕಲುತನ ಕಂಡವನಿರಬೇಕು ಎಂದು ತೀರ್ಮಾನಿಸಿದನು.

ತಡೆದು ನಿಲ್ಲಿಸಿದ್ದು ತಿಮಿಂಗಿಲ. ನೌಕೆಯನ್ನು ಬೆನ್ನಟ್ಟಿ ಬಂದ ಎರಡು ಕ್ಷಿಪಣಿಗಳು, ಅಸಂಭವತೆಯ ಯಂತ್ರವನ್ನು ಚಾಲನೆ ಮಾಡಿದ ಕ್ಷಣ, ಒಂದು ಹೂವಿನ ಕುಂಡವೂ ಒಂದು ತಿಮಿಂಗಿಲವೂ ಆಗಿ ಮಾರ್ಪಡುತ್ತವೆ. ನೆಲದಿಂದ ಎಷ್ಟೋ ಮೈಲಿ ಎತ್ತರದಲ್ಲಿ ಹಠಾತ್ತಾಗಿ ಹುಟ್ಟಿದ ಆ ಪ್ರಾಣಿ ಕೆಳಗೆ ಬೀಳುತ್ತದೆ; ಬೀಳುವ ಆ ಅಲ್ಪ ಕಾಲದಲ್ಲಿ ತಾನು ಯಾರೆಂದು ಕೇಳಿಕೊಳ್ಳುತ್ತದೆ, ತನ್ನ ಬಾಲಕ್ಕೆ, ಮೈಗೆ ಬಡಿಯುವ ಗಾಳಿಗೆ ಹೆಸರಿಡುತ್ತದೆ, ತನ್ನೆಡೆಗೆ ವೇಗವಾಗಿ ಬರುತ್ತಿರುವ ದೊಡ್ಡದೊಂದು ವಸ್ತುವನ್ನು ಕಂಡು ಅದಕ್ಕೆ ನೆಲವೆಂದು ಹೆಸರಿಟ್ಟು, ಅದು ತನ್ನ ಸ್ನೇಹಿತನಾದೀತೇ ಎಂದು ಹಿಗ್ಗುತ್ತದೆ. ಅಷ್ಟಕ್ಕೆ ಮುಗಿಯಿತು. ಇಂಗ್ಲಿಷ್ ಮೇಷ್ಟ್ರು ಇದನ್ನು ಹೇಳುವಾಗ ತಾವೂ ನಗುತ್ತಲೇ ಹೇಳಿದರು, ನಾವೂ ನಗುತ್ತಲೇ ಕೇಳಿದೆವು. ಕೊನೆಯ ವಾಕ್ಯವಾದ ಮೇಲೆ ಪಡಸಾಲೆ ಸ್ತಬ್ಧವಾಯಿತು.

"ಪಾಪ, ಅದಕ್ಕ ಯೋಚನೆ ಮಾಡೋ ಬುದ್ಧಿ ಯಾಕ ಕೊಟ್ಟಾನ್ರಿ?" ಎಂದು ಕೇಳಿದವಳು ಆತಿಥೇಯರ ಸೊಸೆ. ಅದುವರೆಗೆ ಅವಳು ನಮ್ಮ ಕೂಟದಲ್ಲಿ ಬಾಯಿ ಬಿಟ್ಟವಳಲ್ಲ.

ಆ ಪ್ರಶ್ನೆಗೆ ನಾವು ಯಾರೂ ಉತ್ತರಿಸಲಿಲ್ಲ. ಉತ್ತರಿಸದೆ ಬಿಟ್ಟದ್ದು ಒಳ್ಳೆಯದಾಯಿತೆಂದೇ ನನ್ನ ಭಾವನೆ. ಹಾಸ್ಯವು ಮನುಷ್ಯನ ಅಲ್ಪತ್ವವನ್ನು ತೋರಿಸುತ್ತದೆಂದು ಹೇಳುವುದು ಸುಲಭ, ಎಷ್ಟೋ ಜನ ಹೇಳಿಯೂ ಇದ್ದಾರೆ. ಆದರೆ ಅಲ್ಪತ್ವವನ್ನು ತೋರಿಸಿ ಅವಮಾನಿಸುವ ಹಾಸ್ಯ ಒಂದು, ಅಲ್ಪತ್ವವನ್ನು ತೋರಿಸಿ ಕೈ ಹಿಡಿಯುವ ಹಾಸ್ಯ ಇನ್ನೊಂದು. ಬೀಳುತ್ತಿರುವ ತಿಮಿಂಗಿಲಕ್ಕೆ ಹೆಸರಿಡುವ ಉತ್ಸಾಹವನ್ನು ಕೊಟ್ಟ ಲೇಖಕನು ಎರಡನೆಯ ಪಂಗಡದವನು. ಹುಟ್ಟಿದ್ದೇಕೆಂದು ತಿಳಿಯದೆ, ಬೀಳುವುದು ನಿಲ್ಲದೆ, ಬೀಳುವ ದಾರಿಯಲ್ಲಿ ಕಂಡದ್ದಕ್ಕೆಲ್ಲ ಹೆಸರಿಟ್ಟು ಸ್ನೇಹ ಬಯಸುವ ಆ ಜೀವವನ್ನು ಒಬ್ಬನೇ ಕೋಣೆಯಲ್ಲಿ ಕುಳಿತು ಓದಿದ್ದರೆ ನಾನು ಬಹುಶಃ ನಕ್ಕು ಪುಟ ತಿರುವುತ್ತಿದ್ದೆ. ಎಂಟು ಜನ ಒಟ್ಟಿಗೆ ನಕ್ಕು ಒಟ್ಟಿಗೆ ನಿಂತಾಗ ಆ ನಗುವಿನ ತಳದಲ್ಲಿ ಏನಿತ್ತೆಂಬುದು ಕಾಣಿಸಿತು. ಪುಸ್ತಕವನ್ನು ಕೂಡಿ ಓದುವುದರ ಪ್ರಯೋಜನವೇನೆಂದು ಯಾರಾದರೂ ಕೇಳಿದರೆ ನಾನು ಆ ಸೊಸೆಯ ಪ್ರಶ್ನೆಯನ್ನು ಹೇಳುತ್ತೇನೆ.

ಅದಾದ ಮೇಲೆ, ಮಾಸ್ತರರ ಒತ್ತಾಯದ ಮೇರೆಗೆ, ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'ವನ್ನು ಓದಿದೆವು. ವಿಜ್ಞಾನವೂ ಹಾಸ್ಯವೂ ಒಂದೇ ಮನೆಯಲ್ಲಿರಬೇಕಾದರೆ ಹೀಗಿರಬೇಕು ಎಂಬುದು ಅವರ ಪ್ರತಿವಾದ. ಆಡಮ್ಸನ ಪುಸ್ತಕ 1979ರದು, 'ಕರ್ವಾಲೊ' 1980ರದು. ಒಬ್ಬನು ಲಂಡನ್ನಿನಲ್ಲಿ, ಒಬ್ಬರು ಮೂಡಿಗೆರೆಯ ತೋಟದಲ್ಲಿ, ಒಬ್ಬರನ್ನೊಬ್ಬರು ಅರಿಯದೆ, ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ, ಅನಂತವಾದ ಕಾಲದ ಎದುರು ನಿಂತ ಮನುಷ್ಯರ ಚಿಲ್ಲರೆ ತಾಪತ್ರಯಗಳನ್ನು ನಗುನಗುತ್ತ ಬರೆದರು. 'ಕರ್ವಾಲೊ'ದಲ್ಲಿ ಅನ್ಯಲೋಕಗಳಿಲ್ಲ, ಅದನ್ನು ವೈಜ್ಞಾನಿಕ ಕಾದಂಬರಿಯ ಸಾಲಿಗೆ ಸೇರಿಸಬಹುದೇ ಎಂಬುದರ ಬಗ್ಗೆ ನಮ್ಮಲ್ಲಿ ಒಮ್ಮತ ಬರಲಿಲ್ಲ. ಜೇನು ಹುಡುಕುವ ಮಂದಣ್ಣ, ಅವನಲ್ಲಿ ಅಸಾಮಾನ್ಯನಾದ ನಿಸರ್ಗಜ್ಞಾನಿಯನ್ನು ಕಾಣುವ ವಿಜ್ಞಾನಿ ಕರ್ವಾಲೊ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಇವರೆಲ್ಲ ಕಾಡಿನೊಳಗೆ ಹೊರಡುವುದು ಹಾರುವ ಓತಿಯನ್ನು ಹುಡುಕಿಕೊಂಡು. ಕೋಟ್ಯಂತರ ವರ್ಷಗಳ ಜೀವವಿಕಾಸದ ಗುಟ್ಟೊಂದು ಅದರ ಮೈಯಲ್ಲಿದೆಯೆಂಬ ನಂಬಿಕೆಯಿಂದ. ಪಕ್ಕೆಲುಬುಗಳ ಆಧಾರದ ಮೇಲೆ ಬಿಚ್ಚಿಕೊಳ್ಳುವ ಚರ್ಮದ ರೆಕ್ಕೆಯಿಂದ ಮರದಿಂದ ಮರಕ್ಕೆ ತೇಲುವ ಓತಿ ಪಶ್ಚಿಮಘಟ್ಟದಲ್ಲಿ ನಿಜವಾಗಿಯೂ ಉಂಟು. ಕಾದಂಬರಿಯ ಓತಿಯಾದರೋ ಕೊನೆಗೆ ಇವರ ಕೈಗೆ ಸಿಗದೆ ಪ್ರಪಾತದ ಮೇಲೆ ತೇಲಿ ಮರೆಯಾಗುತ್ತದೆ.

ಅರಣ್ಯವೆಂದರೆ ದೂರದ ಮಾತಾಗಿರುವ ನಮ್ಮ ಬಯಲಿನಲ್ಲಿ ಈ ಪುಸ್ತಕದ ಕಾಡು ಎಷ್ಟು ಅಪರಿಚಿತವೋ ಮಂದಣ್ಣನು ಅಷ್ಟು ಪರಿಚಿತ. ಪುಸ್ತಕ ಓದಿದ ನಾವು ಮಾತನಾಡುವ ಪಡಸಾಲೆಯ ಮೂಲೆಯಲ್ಲಿ ಅಂಥವನೊಬ್ಬನು ಟವೆಲು ಹೊದ್ದು ಕುಳಿತಿದ್ದನಲ್ಲ! ಇಂಗ್ಲಿಷ್ ಮೇಷ್ಟ್ರು ಆಗ ಹೇಳಿದ ಸಂಗತಿಯೊಂದು ನನ್ನನ್ನು ಬಹಳ ದಿನ ಹಿಂಬಾಲಿಸಿತು. ಆಡಮ್ಸನೂ ಮುಂದೆ ಪ್ರಾಣಿಗಳನ್ನು ಹುಡುಕಿಕೊಂಡು ಹೊರಟನು. ಮಾರ್ಕ್ ಕಾರ್ವರ್ಡೈನ್ ಎಂಬ ಪ್ರಾಣಿಶಾಸ್ತ್ರಜ್ಞನ ಜೊತೆಗೂಡಿ, ಅಳಿವಿನ ಅಂಚಿನಲ್ಲಿದ್ದ ಜೀವಿಗಳನ್ನು ನೋಡಲು ಮಡಗಾಸ್ಕರ್, ನ್ಯೂಜಿಲೆಂಡ್, ಚೀನ ಮೊದಲಾದ ನಾಡುಗಳನ್ನು ಸುತ್ತಿ, 1990ರಲ್ಲಿ 'ಲಾಸ್ಟ್ ಚಾನ್ಸ್ ಟು ಸೀ' ಎಂಬ ಪುಸ್ತಕವನ್ನು ಪ್ರಕಟಿಸಿದನು. ಹಾರಲಾರದ ಗಿಳಿಯಾದ ಕಾಕಪೊ ಅದರಲ್ಲಿದೆ. ಯಾಂಗ್ಟ್ಸೆ ನದಿಯ ಡಾಲ್ಫಿನ್ ಅದರಲ್ಲಿದೆ. ಆ ಡಾಲ್ಫಿನ್ನನ್ನು ಅರಸಿ 2006ರಲ್ಲಿ ವಿಜ್ಞಾನಿಗಳು ನದಿಯನ್ನು ಶೋಧಿಸಿದಾಗ ಒಂದೂ ಕಾಣಲಿಲ್ಲ. ಭೂಮಿಯನ್ನು ಮೊದಲ ಅಧ್ಯಾಯಗಳಲ್ಲೇ ಕೆಡವಿಹಾಕಿದ ಹಾಸ್ಯಗಾರನು ಉಳಿದ ಆಯುಷ್ಯದಲ್ಲಿ ಅದೇ ಭೂಮಿಯ ಕಡೆಯ ಜೀವಗಳ ಮುಂದೆ ಹೋಗಿ ನಿಂತನೆಂಬುದನ್ನು ಕೇಳಿದ ಮೇಲೆ, ಮಾಸ್ತರರು ಕಾದಂಬರಿಯ ಪ್ರತಿಯನ್ನು ಕೇಳಿ ಪಡೆದು ಮನೆಗೆ ಒಯ್ದರು. ಅಭಿಪ್ರಾಯವನ್ನು ಬದಲಿಸಿದೆನೆಂದು ಅವರು ಹೇಳಲಿಲ್ಲ. ಮುಂದಿನ ಸಲ ಬರುವಾಗ ದುರ್ಬೀನು ತರುತ್ತೇನೆ, ಎಲ್ಲರೂ ಹೊಲಕ್ಕೆ ಬರಬೇಕು ಎಂದಷ್ಟೇ ಹೇಳಿದರು.

ಮುಂದಿನ ಸಲವೆಂದರೆ ಮೇ 25, ವೈಶಾಖದ ಅಮಾವಾಸ್ಯೆಗೆ ಸಮೀಪದ ರಾತ್ರಿ. ಸೂರ್ಯನು ರೋಹಿಣಿಯನ್ನು ಪ್ರವೇಶಿಸುವ ದಿನವಾದುದರಿಂದ ನಮ್ಮ ರೈತರು ಆ ತಾರೀಖನ್ನು ಮರೆಯುವುದಿಲ್ಲ; ಮಳೆಗಳನ್ನೆಲ್ಲ ನಕ್ಷತ್ರಗಳ ಹೆಸರಿನಿಂದ ಕರೆಯುವವರು ಅವರು. 2001ರಲ್ಲಿ ಆಡಮ್ಸ್ ತೀರಿಕೊಂಡ ಎರಡು ವಾರಕ್ಕೆ ಅವನ ಓದುಗರು ಟವೆಲುಗಳನ್ನು ಹೊತ್ತು ಅವನನ್ನು ಸ್ಮರಿಸಿದ್ದೂ, ಅಂದಿನಿಂದ ವರ್ಷವರ್ಷವೂ ಸ್ಮರಿಸುವುದೂ ಇದೇ 25ರಂದು. ಊಟ ಮುಗಿಸಿ, ಹೆದ್ದಾರಿಯ ದೀಪಗಳು ಹಿಂದೆ ಬೀಳುವಷ್ಟು ದೂರ ನಡೆದು, ಉತ್ತು ಹದಮಾಡಿದ ಹೊಲದ ಬದುವಿನ ಮೇಲೆ ದಕ್ಷಿಣಕ್ಕೆ ಮುಖಮಾಡಿ ಕುಳಿತೆವು. ಮಾಸ್ತರರು ಮೊದಲು ತ್ರಿಶಂಕುವನ್ನು ತೋರಿಸಿದರು. ದಿಗಂತಕ್ಕೆ ಸಮೀಪದಲ್ಲಿ, ಶಿಲುಬೆಯಾಕಾರದ ನಾಲ್ಕು ನಕ್ಷತ್ರಗಳು. ಸಶರೀರವಾಗಿ ಸ್ವರ್ಗಕ್ಕೆ ಹೋಗಬಯಸಿ, ವಿಶ್ವಾಮಿತ್ರನ ತಪಸ್ಸನ್ನು ಏರಿ ಹೊರಟು, ಇಂದ್ರನು ನೂಕಿದಾಗ ನಡುದಾರಿಯಲ್ಲಿ ನಿಂತುಬಿಟ್ಟ ಆ ದೊರೆಯ ಕಥೆಯನ್ನು ಮುತ್ಯಾ ಹೇಳಿದನು. ಪರರ ಸವಾರಿಯಲ್ಲಿ ಆಕಾಶಕ್ಕೆ ಹೋದವರಲ್ಲಿ ಅವನೇ ಮೊದಲಿಗನಿರಬೇಕೆಂದು ಲಾರಿಯ ತರುಣ ಸೇರಿಸಿದನು. ತ್ರಿಶಂಕುವಿನ ಎಡಕ್ಕೆ ಎರಡು ಉಜ್ವಲ ನಕ್ಷತ್ರಗಳು ಧೂಳಿನ ಮಬ್ಬಿನಿಂದ ಮೆಲ್ಲಗೆ ಮೇಲೇರುತ್ತಿದ್ದವು. ಅವುಗಳಲ್ಲಿ ಎಡಗಡೆಯದು, ಹೆಚ್ಚು ಪ್ರಕಾಶದ್ದು, ಲುಬ್ಧಕ ಮತ್ತು ಅಗಸ್ತ್ಯಗಳ ತರುವಾಯ ಇಡೀ ಇರುಳಿನ ಆಕಾಶದಲ್ಲಿ ಮೂರನೆಯ ಸ್ಥಾನ ಪಡೆದದ್ದು: ಆಲ್ಫಾ ಸೆಂಟಾರಿ.

ನೋಟೀಸು ಅಂಟಿಸಿದ್ದ ಜಾಗ ಅದು. ಇಂಗ್ಲೆಂಡಿನ ಆಕಾಶದಲ್ಲಿ ಈ ನಕ್ಷತ್ರವು ಎಂದಿಗೂ ಉದಯಿಸುವುದಿಲ್ಲ, ಅಷ್ಟು ಉತ್ತರದ ನಾಡಿನವರಿಗೆ ಅದು ಸದಾ ದಿಗಂತದ ಕೆಳಗೇ ಉಳಿಯುತ್ತದೆ, ರಾಜೇಶ್ವರದ ಹೊಲದಿಂದ ಮಾತ್ರ ವರ್ಷದ ಈ ದಿನಗಳಲ್ಲಿ ಹೀಗೆ ಹನ್ನೊಂದು ಡಿಗ್ರಿಯ ತನಕ ಮೇಲೆ ಬರುತ್ತದೆ ಎಂದು ಮಾಸ್ತರರು ಹೇಳಿದರು. ಬರೆದವನು ತನ್ನ ಮನೆಯಂಗಳದಿಂದ ಕಾಣಲಾರದೆ ಹೋದುದನ್ನು ನಾವು ನಮ್ಮ ಬದುವಿನಿಂದ ಕಾಣುತ್ತಿದ್ದೆವು. ಯಾರೂ ನಗಲಿಲ್ಲ. ದುರ್ಬೀನು ಕೈಯಿಂದ ಕೈಗೆ ಹೋಯಿತು. ಸೊಸೆಯು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿ, ತನ್ನ ಮಗುವಿನ ಕಣ್ಣಿಗೂ ಹಿಡಿದಳು. ಮುತ್ಯಾ ದುರ್ಬೀನನ್ನು ಬೇಡವೆಂದು, ಟವೆಲನ್ನು ಬದುವಿನ ಮೇಲೆ ಹಾಸಿ, ಬರಿಗಣ್ಣಿನಿಂದಲೇ ನೋಡುತ್ತ ಕುಳಿತನು.

"ಅಲ್ಲಿಂದ ನಮ್ಮ ಸೂರ್ಯ ಕಾಣ್ತಾನೇನ್ರಿ ಮಾಸ್ತರ್?"

"ಕಾಣ್ತಾನ ಮುತ್ಯಾ. ಹಿಂಗೇ, ಒಂದು ಚಿಕ್ಕಿ ಆಗಿ ಕಾಣ್ತಾನ."

ಹನ್ನೊಂದು ಗಂಟೆಗೆ ಸ್ವಲ್ಪ ಮುಂಚೆ ನೈರುತ್ಯದಿಂದ ರೋಹಿಣಿಯ ಮೋಡವೊಂದು ಬಂದು ದಿಗಂತವನ್ನು ಮುಚ್ಚಿತು. ಲಾರಿಯ ತರುಣನು ಬೆಳಗಾಗುವುದರೊಳಗೆ ಹೈದರಾಬಾದು ಮುಟ್ಟಬೇಕಾಗಿತ್ತು. ಅವನು ಎದ್ದುನಿಂತು ಮೊಬೈಲಿನಲ್ಲಿ ಗಳಿಗೆ ನೋಡಿಕೊಂಡನು. ಸಣ್ಣ ಮೋಡ, ಸರಿದು ಹೋಗುತ್ತದೆ, ಕೂಡು ಎಂದು ಮುತ್ಯಾ ತನ್ನ ಟವೆಲಿನ ಮೇಲೆ ಜಾಗ ಮಾಡಿಕೊಟ್ಟನು. ತರುಣನು ಕುಳಿತನು.